ಗೈರಾಣದ ಲೆಕ್ಕ ಇಡುವವರಾರು?

ವಿಶ್ವಸಂಸ್ಥೆಯು 2026ನೆಯ ವರ್ಷವನ್ನು ಹುಲ್ಲುಗಾವಲು ಹಾಗೂ ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಉಟ್ಕೂರ್, ಮಕ್ತಲ್, ಕೃಷ್ಣಾ ಮಂಡಲಗಳ ಕುರಿಗಾರರಿಗೆ ಈ ಸುದ್ದಿ ಮುಟ್ಟಿರಲಿಕ್ಕಿಲ್ಲ. ಮುಂಗಾರು ಬಿತ್ತನೆ ಮುಗಿದು ಹೊಲಗಳೆಲ್ಲ ಮುಚ್ಚಿದ ಮೇಲೆ ಹಿಂಡನ್ನು ಎತ್ತ ಹೊಡೆಯುವುದೆಂಬುದೇ ಅವರ ಚಿಂತೆ.

ಕಳೆದ ವರ್ಷ ಹೈದರಾಬಾದಿನ ಕಂಚ ಗಚ್ಚಿಬೌಲಿಯ 400 ಎಕರೆಗಾಗಿ ದೊಡ್ಡ ವಿವಾದವೆದ್ದು, ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಮರ ಕಡಿಯುವುದನ್ನು ತಡೆಯಿತು. ಮರಗಳ ಬಗ್ಗೆ ಎಲ್ಲರೂ ಮಾತನಾಡಿದರು. ಆದರೆ ‘ಕಂಚ’ ಎಂದರೆ ದನಕರುಗಳ ಮೇವಿಗೆ ಬಿಟ್ಟ ನೆಲ, ನಾವು ಗೈರಾಣ ಅಥವಾ ಗೋಮಾಳವೆನ್ನುವುದೂ ಅದನ್ನೇ, ಎಂಬುದು ಚರ್ಚೆಗೆ ಬರಲೇ ಇಲ್ಲ. ಮರವಿಲ್ಲದ ನೆಲವನ್ನು ಬಂಜರೆಂದು ಬರೆದುಕೊಳ್ಳುವುದು ಸರ್ಕಾರಿ ಕಡತಗಳ ಹಳೆಯ ಅಭ್ಯಾಸ.

ಈ ಅಭ್ಯಾಸದ ಫಲವನ್ನು ಕೃಷ್ಣಾ-ಭೀಮಾ ತೀರದ ರೈತರು ಉಣ್ಣುತ್ತಿದ್ದಾರೆ. ಚಿಗರಿ, ಅಂದರೆ ಕೃಷ್ಣಮೃಗ, ದಟ್ಟ ಕಾಡಿನ ಪ್ರಾಣಿಯಲ್ಲ. ಅದಕ್ಕೆ ಬೇಕಾದುದು ಬಯಲು ಮತ್ತು ಹುಲ್ಲು. ಬಯಲು ಕರಗಿದಂತೆ ಹಿಂಡುಗಳು ಎಳೆಯ ಪೈರಿಗೆ ನುಗ್ಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿರುವ ಪ್ರಾಣಿಯ ಮೇಲೆ ರೈತನು ಕೈಮಾಡುವಂತಿಲ್ಲ. ಹಿಡಿದು ಬೇರೆಡೆಗೆ ಸಾಗಿಸಿರೆಂಬ ಕೂಗಿನಲ್ಲಿ ನ್ಯಾಯವಿದೆಯಾದರೂ, ಹಿಡಿಯುವ ಗಾಬರಿಗೇ ಸಾಯುವಷ್ಟು ಸೂಕ್ಷ್ಮ ಪ್ರಾಣಿಯದು, ಸಾಗಿಸುವುದಾದರೂ ಎಲ್ಲಿಗೆ?

ಬೇಲಿಯೊಂದೇ ಉತ್ತರವೆನ್ನುವವರು ಕರ್ನೂಲು ಕಡೆಯ ರೋಳ್ಳಪಾಡನ್ನು ನೋಡಬೇಕು. ಎರೆಭೂತ ಹಕ್ಕಿಗಾಗಿ 1988ರಲ್ಲಿ ಸುಮಾರು ಆರು ಚದರ ಕಿಲೋಮೀಟರಿನ ಅಭಯಾರಣ್ಯವಾಯಿತು. ಚಿಗರಿಗಳು ಹೆಚ್ಚಿ ಸುತ್ತಲಿನ ಹೊಲಗಳಿಗೆ ಬಿದ್ದವು, ರೈತರು ಮುನಿದರು, ಹಕ್ಕಿಯೂ ಕಾಣದಾಯಿತು. ರಾಣೆಬೆನ್ನೂರಿನಲ್ಲಿ ಹುಲ್ಲಿನ ನೆಲದ ಮೇಲೆ ನೀಲಗಿರಿ ನೆಟ್ಟದ್ದು ಇನ್ನೊಂದು ಬಗೆಯ ತಪ್ಪು.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯದು ಬೇರೆ ದಾರಿ. ಅಲ್ಲಿಯ 798 ಎಕರೆ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2011ರಲ್ಲಿ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲಿಗೂ ಅದೇ ಸ್ಥಾನ ದೊರೆಯಿತು. 2002ರ ತಿದ್ದುಪಡಿಯಿಂದ ಬಂದ ಈ ವ್ಯವಸ್ಥೆಯಲ್ಲಿ ಸರ್ಕಾರಿ ನೆಲವನ್ನು ಘೋಷಿಸುವ ಮುನ್ನ ಸ್ಥಳೀಯರೊಡನೆ ಸಮಾಲೋಚಿಸಬೇಕು. ನಿರ್ವಹಣಾ ಸಮಿತಿಯಲ್ಲಿ ಸಂಬಂಧಿಸಿದ ಪಂಚಾಯಿತಿಗಳ ಪ್ರತಿನಿಧಿಗಳಿರಬೇಕು. ಜನರ ಹಕ್ಕುಗಳು ಅಳಿಯುವುದಿಲ್ಲ. ಮೈದನಹಳ್ಳಿಗೆ ಬೆಂಗಳೂರಿನಿಂದಲೂ ಜನ ಚಿಗರಿ ನೋಡಲು ಹೋಗುತ್ತಾರೆ. ನಮ್ಮ ಮುಡುಮಾಲದ ನಿಲುವುಗಲ್ಲುಗಳು 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಕಲ್ಲು ನೋಡಬಂದವರಿಗೆ ಬಯಲನ್ನೂ ಚಿಗರಿಯನ್ನೂ ತೋರಿಸಬಹುದಲ್ಲವೆ?

ತಡಮಾಡಿದರೆ ತೋರಿಸಲು ಬಯಲೇ ಇರದು. 2017ರ ಕುರಿ ವಿತರಣಾ ಯೋಜನೆಯಲ್ಲಿ ಫಲಾನುಭವಿಗೆ 20 ಕುರಿ, ಒಂದು ಟಗರು ಕೊಟ್ಟರು. ಮೇವಿನ ನೆಲವನ್ನು ಯಾರೂ ಕೊಡಲಿಲ್ಲ. ಈಗ ನಾರಾಯಣಪೇಟೆ-ಕೊಡಂಗಲ್ ಏತ ನೀರಾವರಿ ಬರುತ್ತಿದೆ. ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರು ಬಂದೆಡೆ ನೆಲದ ಬೆಲೆ ಏರುತ್ತದೆ, ಮೊದಲು ಒತ್ತುವರಿಯಾಗುವುದು ಪಟ್ಟಾ ಇಲ್ಲದ ನೆಲವೇ. ಕಳೆದ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಭೂಭಾರತಿ ಕಾಯ್ದೆಯಡಿ ತಮ್ಮ ಪಟ್ಟಾ ಸರಿಪಡಿಸಿಕೊಳ್ಳಲು ಎಲ್ಲರೂ ಅರ್ಜಿ ಹಾಕುತ್ತಾರೆ. ಗೈರಾಣದ ಪರವಾಗಿ ಅರ್ಜಿ ಹಾಕುವವರು ಯಾರು? ಗ್ರಾಮದ ಸಾಮೂಹಿಕ ಭೂಮಿಯ ಒತ್ತುವರಿ ತೆರವುಗೊಳಿಸಬೇಕೆಂದು 2011ರಲ್ಲಿಯೇ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಡಿಸೆಂಬರ್ ಚುನಾವಣೆಯಲ್ಲಿ ಗೆದ್ದ ಸರಪಂಚರು ಈಗ ಅಧಿಕಾರದಲ್ಲಿದ್ದಾರೆ. ಪಶುಸಂಗೋಪನಾ ಸಚಿವ ವಾಕಿಟಿ ಶ್ರೀಹರಿಯವರು ಮಕ್ತಲ್‌ನ ಶಾಸಕರೇ. ಗ್ರಾಮಸಭೆಯಲ್ಲಿ ಗೈರಾಣದ ಸರ್ವೆ ನಂಬರುಗಳನ್ನು ಓದಿಸಿ, ಗಡಿ ಅಳೆಸಿ, ಠರಾವು ಮಾಡಿಸಲು ಇದಕ್ಕಿಂತ ಅನುಕೂಲ ಕಾಲವಿಲ್ಲ. ದಾಖಲೆಗಳು ತೆಲುಗಿನಲ್ಲಿವೆ ಎಂದು ಹಿಂಜರಿಯುವ ಹಿರಿಯರ ಪಕ್ಕದಲ್ಲಿ ಕನ್ನಡ ಶಾಲೆಯಲ್ಲಿ ಎರಡೂ ಲಿಪಿ ಕಲಿತ ಮೊಮ್ಮಕ್ಕಳು ಕೂರಲಿ, ಓದಿ ಹೇಳಲಿ.