ಹಡಗಿನಲ್ಲಿ ಬಚ್ಚಲಿಲ್ಲವಂತೆ

ಪುತ್ತೂರು, ಸುಳ್ಯ, ಕಡಬಗಳಲ್ಲಿ ಎಲ್ಲಿ ನಿಂತರೂ ಸಮುದ್ರ ಕಾಣದು. ಆದರೆ ನಮ್ಮ ಮಾಡಿನ ನೀರು ಕೊನೆಗೆ ಸೇರುವುದು ಅಲ್ಲಿಗೇ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯ ಜೊತೆಗೂಡಿ ಮಂಗಳೂರಿಗೆ, ಪಯಸ್ವಿನಿ ಸುಳ್ಯದಿಂದ ಕಾಸರಗೋಡಿಗೆ. ಮಳೆನೀರಿಗಿರುವ ಈ ಸಲಿಗೆ ನಮ್ಮ ಹುಡುಗಿಯರಿಗಿಲ್ಲ. ಬಿ.ಎಡ್. ಆಗಬಹುದು, ಬ್ಯಾಂಕು ಆಗಬಹುದು, ನೌಕಾಪಡೆ ಎಂದರೆ ಮಾತ್ರ "ಅದು ಗಂಡಸರದ್ದು ಮಗಾ."

ಅದು ಇಂಗ್ಲಿಷರದ್ದು ಎನ್ನುವ ಕಾಲವೂ ಒಂದಿತ್ತು. ಎಡ್ವರ್ಡ್ ಪ್ಯಾರಿ ಎಂಬ ಅಧಿಕಾರಿಯನ್ನೇ ನೋಡಿ. 1893ರಲ್ಲಿ ಹುಟ್ಟಿದವನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಹನ್ನೆರಡು ಹದಿಮೂರರ ಪ್ರಾಯದ ಹುಡುಗರನ್ನೇ ನೌಕಾಶಾಲೆಗೆ ಕಳಿಸುತ್ತಿದ್ದರು. ಇವನೂ ಹಾಗೆ ಹೋದವನು. 1939ರ ಡಿಸೆಂಬರಿನಲ್ಲಿ ದಕ್ಷಿಣ ಅಮೆರಿಕದ ಪ್ಲೇಟ್ ನದೀಮುಖದ ಕದನದಲ್ಲಿ 'ಅಕಿಲಿಸ್' ಹಡಗಿನ ಕ್ಯಾಪ್ಟನ್. 1948ರಲ್ಲಿ ಸ್ವತಂತ್ರ ಭಾರತದ ನೌಕಾಪಡೆಗೆ ಮುಖ್ಯಸ್ಥನಾಗಿ ಬಂದ. ಅದೇ ವರ್ಷ ಅವನ ಹಳೆಯ ಅಕಿಲಿಸನ್ನು ನಾವು ಕೊಂಡು 'ದೆಹಲಿ' ಎಂದು ಹೆಸರಿಟ್ಟಿದ್ದೆವು. ಶೂರನೇ, ಒಪ್ಪೋಣ. ಆದರೆ ಸ್ವಾತಂತ್ರ್ಯ ಬಂದ ಮೇಲೂ ಇಂಗ್ಲಿಷರೇ ಯಾಕೆ? ನಮ್ಮವರಿಗೆ ಅನುಭವ ಸಾಲದಂತೆ. ಸಾಲುವುದಾದರೂ ಹೇಗೆ? ಮೊದಲ ಭಾರತೀಯ ಅಧಿಕಾರಿ ಡಿ.ಎನ್. ಮುಖರ್ಜಿಯವರನ್ನು ಸೇರಿಸಿಕೊಂಡದ್ದೇ 1928ರಲ್ಲಿ! ನಮ್ಮವರೊಬ್ಬರು, ಕಟಾರಿ, ಮುಖ್ಯಸ್ಥರಾಗಲು 1958 ಬರಬೇಕಾಯಿತು.

ಇಷ್ಟು ಅನುಭವಿಸಿದವರು ಹೆಂಗಸರಿಗೆ ಮಾಡಿದ್ದೇನು? 1992ರಲ್ಲಿ ಅಧಿಕಾರಿಗಳಾಗಿ ಸೇರಿಸಿಕೊಂಡರು, ಅದೂ ಶಿಕ್ಷಣ, ಕಾನೂನು, ಸರಬರಾಜಿನಂಥ ಕೆಲಸಕ್ಕೆ, ಕೆಲವು ವರ್ಷದ ಮಟ್ಟಿಗೆ. ಕಾಯಂ ಹುದ್ದೆಗಾಗಿ ಆ್ಯನಿ ನಾಗರಾಜ ಮತ್ತಿತರ ಅಧಿಕಾರಿಗಳು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಅಲ್ಲಿ ಸರಕಾರ ಏನೆಂದಿತು ಗೊತ್ತೇ? ರಷ್ಯದಿಂದ ತಂದ ಹಡಗುಗಳಲ್ಲಿ ಹೆಂಗಸರಿಗೆ ಬಚ್ಚಲಿಲ್ಲವಂತೆ! ಸಮುದ್ರದ ನಡುವೆ ಕ್ಷಿಪಣಿ ಹಾರಿಸುವವರಿಗೆ ಒಂದು ಬಾಗಿಲು, ಒಂದು ಚಿಲಕ ಮಾಡಿಸಲು ಬರುವುದಿಲ್ಲವೆ? 2020ರ ಮಾರ್ಚ್ 17ರಂದು ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಅದಕ್ಕೆ ಮೊದಲೇ, 2018ರಲ್ಲಿ, ನೌಕಾಪಡೆಯದೇ ಆರು ಹೆಂಗಸರು 'ತಾರಿಣಿ' ಎಂಬ ಪುಟ್ಟ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿ ಗೋವೆಗೆ ಮರಳಿದ್ದರು. ಹೆಸರಿಡುವುದಕ್ಕೆ ಮಾತ್ರ ಹೆಣ್ಣು ಬೇಕು ನೋಡಿ: 2012ರಲ್ಲಿ ಕರಾವಳಿ ಕಾವಲುಪಡೆಯ ಹಡಗೊಂದಕ್ಕೆ ನಮ್ಮ ಉಳ್ಳಾಲದ ರಾಣಿ ಅಬ್ಬಕ್ಕನ ಹೆಸರಿಟ್ಟರು.

ಈಗ ನಾವಿಕರಾಗಿಯೂ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆ. ಅರ್ಜಿಗೆ ಅಡ್ಡ ನಿಂತಿರುವವರು ತಾಯಂದಿರಾದ ನಾವೇ. "ಹಡಗು ಹತ್ತಿದವಳನ್ನು ಯಾರು ಮದುವೆಯಾಗುತ್ತಾರೆ?" ಎಂದು ಕೇಳುವ ಅಕ್ಕಂದಿರೇ, ಗಲ್ಫಿನಲ್ಲಿದ್ದು ಎರಡು ವರ್ಷಕ್ಕೊಮ್ಮೆ ಬರುವ ಅಳಿಯ ಸಿಕ್ಕಿದನೆಂದು ಊರಿಗೆಲ್ಲ ಹೇಳಿಕೊಂಡು ಬಂದವರು ಯಾರು?