ಬೆಜವಾಡದಲ್ಲಿ ಬೆಂಕಿ ಕಾಯಿಸುವವರು

ಮೊದಲೇ ಹೇಳಿಬಿಡುತ್ತೇನೆ, ನಗಬೇಡಿ. ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುವ ಊರು ಇದು. ಹಳೇ ಹೆಸರು ಬೆಜವಾಡ, ತಮಾಷೆಯ ಹೆಸರು ಬ್ಲೇಜ್‌ವಾಡ. ಕನಕದುರ್ಗಮ್ಮನ ಬೆಟ್ಟದ ಬಂಡೆ ರಾತ್ರಿ ಹನ್ನೊಂದಕ್ಕೂ ದೋಸೆ ಕಾವಲಿಯ ಹಾಗೆ ಶಾಖ ಉಗುಳುತ್ತಿರುತ್ತದೆ. ಇಂಥ ಊರಿಗೆ ಬಂದು 27 ವರ್ಷವಾದ ನಾನು, ಕಳೆದ ತಿಂಗಳು ಬೆಂಜ್ ಸರ್ಕಲ್ ಫ್ಲೈಓವರ್ ಪಕ್ಕದ ಒಂದು ಅಂಗಡಿಯ ಏಸಿಯಲ್ಲಿ ಕೂತು ಬೆಂಕಿ ಆರಿಸುತ್ತಿದ್ದೆ. ಆರಿಸುವುದೆಂದರೆ ನಂದಿಸುವುದಲ್ಲ ಸ್ವಾಮೀ, ಆಯ್ಕೆ ಮಾಡುವುದು!

ಆದದ್ದಿಷ್ಟು. ಬಂದರ್ ರೋಡಿನಲ್ಲಿ ಪೋರಂಕಿ ಕಡೆ ಒಂದು ಸೈಟು ತೆಗೆದಿಟ್ಟಿದ್ದೆ. ಈಗ ಮನೆ ಏಳುತ್ತಿದೆ. ಮಗ ಅಮೆರಿಕದ ಡೆನ್ವರಿನಲ್ಲಿ ಆರು ವರ್ಷ ಇದ್ದು ಬಂದವನು. ಅಲ್ಲಿಯ ಬಾಡಿಗೆ ಮನೆಯಲ್ಲಿ ಒಂದು ಅಗ್ಗಿಷ್ಟಿಕೆ ಇತ್ತಂತೆ, ಹಿಮ ಬೀಳುವಾಗ ಅದರ ಮುಂದೆ ಕೂತು ಕಾಫಿ ಕುಡಿಯುತ್ತಿದ್ದರಂತೆ. ಅದೇ ಇಲ್ಲಿಯೂ ಬೇಕು. ಸೌದೆಯಲ್ಲ, ಗ್ಯಾಸಿನದು. ಸುಡದ ಮಣ್ಣಿನಿಂದಲೋ ಸೆರಾಮಿಕ್ ನಾರಿನಿಂದಲೋ ಮಾಡಿದ ಕೃತಕ ಕೊರಡುಗಳು, ಕೆಳಗೆ ಬರ್ನರ್. ರಿಮೋಟ್ ಒತ್ತಿದರೆ ಕೊರಡುಗಳ ನಡುವೆ ಜ್ವಾಲೆ ಏಳುತ್ತದೆ. ನೋಡಲು ಚೆಂದ ಇದೆ, ಅದನ್ನು ಒಪ್ಪುತ್ತೇನೆ.

ಅಂಗಡಿಯ ಹುಡುಗ ತೋರಿಸಿದ್ದು ಚಿಮಣಿಯೇ ಬೇಡದ ಜಾತಿ. "ನೋ ಚಿಮ್ನಿ, ನೋ ಸ್ಮೋಕ್ ಸಾರ್. ಗೋಡೆಯಲ್ಲಿ ಒಂದು ಗೂಡು ಬಿಟ್ಟರೆ ಸಾಕು." ನನ್ನ ಜಗಳ ಇರುವುದು ಈ ಮಾತಿನ ಮೇಲೆಯೇ.

ನಾನು ಬಿ.ಕಾಂ. ಓದಿದವ, ಇಂಜಿನಿಯರ್ ಅಲ್ಲ. ಆದರೆ ಭಾಗಾಕಾರ ಬರುತ್ತದೆ. ಚಿಮಣಿ ಇಲ್ಲದ ಗ್ಯಾಸ್ ಕೊರಡಿನ ದೊಡ್ಡ ಸೆಟ್ಟು ಗಂಟೆಗೆ 40,000 ಬಿಟಿಯು ಶಾಖ ಕೊಡುತ್ತದೆ ಎಂದು ಅದರ ಪೆಟ್ಟಿಗೆಯ ಮೇಲೇ ಬರೆದಿತ್ತು. ಒಂದು ಟನ್ ಏಸಿ ಗಂಟೆಗೆ ಹೊರಗೆ ಹಾಕುವುದು 12,000 ಬಿಟಿಯು. ಅಂದರೆ ಈ ಬೆಂಕಿಯ ಶಾಖವನ್ನು ಬರೀ ಸರಿದೂಗಿಸಲಿಕ್ಕೇ ಮೂರು ಟನ್ನಿಗೂ ಹೆಚ್ಚು ಏಸಿ ಬೇಕು! ಬೆಜವಾಡದ ಡಿಸೆಂಬರಿನಲ್ಲಿ ರಾತ್ರಿ ಒಂದು ಹೊದಿಕೆ ಹೊದ್ದರೆ ಸೆಕೆ, ತೆಗೆದರೆ ಚಳಿ. ಅದು ನಮ್ಮ ಚಳಿಗಾಲ. ಇಲ್ಲಿ ಬೆಂಕಿಯ ಮುಂದೆ ಕೂರಬೇಕಾದರೆ ಏಸಿ ಹಾಕಲೇಬೇಕು. ಏಸಿ ಹಾಕಿದ ಮೇಲೆ ಯಾರಾದರೂ ಕಿಟಕಿ ತೆರೆದಿಡುತ್ತಾರೆಯೇ? ಬಾಗಿಲ ಸಂದಿಗೂ ರಬ್ಬರ್ ಪಟ್ಟಿ ಅಂಟಿಸುವ ಜನ ನಾವು.

ಚಿಮಣಿ ಇಲ್ಲದ ಬೆಂಕಿಗೆ ಬೇಕಾದದ್ದು ತೆರೆದ ಕಿಟಕಿ. ಆ ಬೆಂಕಿಯನ್ನು ನಮ್ಮೂರಲ್ಲಿ ತಡೆದುಕೊಳ್ಳಲು ಬೇಕಾದದ್ದು ಮುಚ್ಚಿದ ಕಿಟಕಿ. ಮಗನಿಗೆ ಇದನ್ನು ಹೇಳಿದರೆ, "ಅಪ್ಪಾ, ನೀನು ಎಲ್ಲದಕ್ಕೂ ಆಡಿಟ್ ಆಬ್ಜೆಕ್ಷನ್ ಹಾಕ್ತೀಯ" ಅಂದ. ಹಾಕುತ್ತೇನೆ. ಅದೇ ನನ್ನ ಕೆಲಸ.

"ನೋ ಸ್ಮೋಕ್" ಎಂಬುದನ್ನು ನೋಡೋಣ. ಕಣ್ಣಿಗೆ ಕಾಣುವ ಹೊಗೆ ಇಲ್ಲ, ನಿಜ. ಆದರೆ ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ, ಅದರ ಎರಡು ಪಟ್ಟು ಇಂಗಾಲದ ಡೈಆಕ್ಸೈಡು ಹುಟ್ಟುತ್ತದೆ. ಅಷ್ಟೂ ಹಾಲಿನೊಳಗೇ ಉಳಿಯಬೇಕು. ಜೊತೆಗೆ ಗಂಟಲು ಕೆರೆಯುವ ನೈಟ್ರೋಜನ್ ಡೈಆಕ್ಸೈಡು. ಉರಿ ಸ್ವಲ್ಪ ಕೆಟ್ಟರೆ ಕಾರ್ಬನ್ ಮಾನಾಕ್ಸೈಡು. ಉರಿ ಕೆಡಲು ದೊಡ್ಡ ಕಾರಣ ಬೇಡ. ಒರೆಸುವಾಗ ಕೆಲಸದವಳು ಒಂದು ಕೊರಡನ್ನು ಎರಡು ಇಂಚು ಸರಿಸಿಟ್ಟು ಜ್ವಾಲೆ ಅದಕ್ಕೆ ತಾಗಿದರೆ ಸಾಕು. ಬರ್ನರಿನ ಬಾಯಿಗೆ ಧೂಳು ಕಟ್ಟಿದರೂ ಸಾಕು. ಬಂದರ್ ರೋಡಿನ ಪಕ್ಕ ಧೂಳಿಗೆ ಬರವೇ?

ಹುಡುಗ ಸೋಲಲಿಲ್ಲ. "ಸೆನ್ಸರ್ ಇದೆ ಸಾರ್." ಇದೆ, ಆಮ್ಲಜನಕ ಕಡಿಮೆಯಾದರೆ ಗ್ಯಾಸ್ ನಿಲ್ಲಿಸುವ ಸೆನ್ಸರ್. ಗಾಳಿಯಲ್ಲಿ 21 ಪಾಲು ಇರಬೇಕಾದ ಆಮ್ಲಜನಕ 18ರ ಹತ್ತಿರಕ್ಕೆ ಇಳಿದಾಗ ಅದು ಕೆಲಸ ಮಾಡುತ್ತದೆ. ಅದು ಅಳೆಯುವುದು ಆಮ್ಲಜನಕವನ್ನು, ಮಾನಾಕ್ಸೈಡನ್ನಲ್ಲ. ಕ್ಯಾಶ್ ಎಣಿಸಿ ಸರಿ ಇದೆ ಎಂದವನು ಖೋಟಾ ನೋಟು ನೋಡಲೇ ಇಲ್ಲ ಎಂದ ಹಾಗೆ. "ಲೀಕ್ ಆದರೆ ವಾಸನೆ ಬರುತ್ತಲ್ಲ ಸಾರ್?" ಅಂದ. ಬರುತ್ತದೆ, ಉರಿಯದ ಗ್ಯಾಸಿಗೆ. ವಾಸನೆಗೆಂದು ಬೆರೆಸಿದ್ದು ಗ್ಯಾಸಿನ ಜೊತೆಗೇ ಸುಟ್ಟುಹೋಗುತ್ತದೆ. ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಕೊನೆಗೆ ಕೇಳಿದೆ, "ಇದು ನ್ಯಾಚುರಲ್ ಗ್ಯಾಸಿಗೆ ಮಾಡಿದ್ದೋ ಎಲ್‌ಪಿಜಿಗೆ ಮಾಡಿದ್ದೋ?"

"ಗ್ಯಾಸ್ ಅಂದ್ರೆ ಗ್ಯಾಸೇ ಅಲ್ಲವಾ ಸಾರ್!"

ಅಲ್ಲವಪ್ಪಾ, ಅಲ್ಲ. ಅಷ್ಟೇ ಗಾತ್ರದ ಎಲ್‌ಪಿಜಿಯಲ್ಲಿ ಶಾಖ ಎರಡೂವರೆ ಪಟ್ಟು. ಜೆಟ್ಟಿನ ತೂತು ಬೇರೆ, ರೆಗ್ಯುಲೇಟರ್ ಬೇರೆ. ಒಂದಕ್ಕೆ ಮಾಡಿದ್ದನ್ನು ಇನ್ನೊಂದಕ್ಕೆ ಸಿಕ್ಕಿಸಿದರೆ ಮನೆಯಲ್ಲಿ ಅಗ್ಗಿಷ್ಟಿಕೆ ಇರುವುದಿಲ್ಲ, ಅಗ್ನಿಕುಂಡ ಇರುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ ಬೇರೆ, ಸೋರಿದರೆ ನೆಲದ ಮೇಲೆ ಹಾಸಿಕೊಳ್ಳುತ್ತದೆ. ಈ ಗೂಡು ಇರುವುದೂ ನೆಲಕ್ಕೇ.

ಇದೆಲ್ಲ ಹೆದರಿಕೆಯ ಮಾತು ಅನಿಸಿದರೆ ಬೆಂಗಳೂರಿನಲ್ಲಿರುವ ನಿಮ್ಮ ಬಂಧುಗಳನ್ನು ಗ್ಯಾಸ್ ಗೀಸರ್ ಬಗ್ಗೆ ಕೇಳಿ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದು, ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ಸುದ್ದಿಯನ್ನು ನಾವೆಲ್ಲ ಎಷ್ಟು ಸಲ ಪತ್ರಿಕೆಯಲ್ಲಿ ಓದಿಲ್ಲ! ಅದೂ ಚಿಮಣಿ ಇಲ್ಲದ ಗ್ಯಾಸ್ ಬೆಂಕಿಯೇ. ಹಾಲ್ ಬಚ್ಚಲಿಗಿಂತ ದೊಡ್ಡದು, ಒಪ್ಪಿದೆ. ಈ ಬೆಂಕಿಯೂ ದೊಡ್ಡದು. ಸ್ನಾನ ಹತ್ತು ನಿಮಿಷ, ಇದರ ಮುಂದೆ ಕೂರುವುದು ಎರಡು ಗಂಟೆ.

ಊರಿನ ಬಚ್ಚಲ ಒಲೆ ನೆನಪಾಗುತ್ತದೆ. ಕೊಪ್ಪದ ಮಳೆಯಲ್ಲಿ ಶಾಲೆಯಿಂದ ತೊಯ್ದು ಬಂದು ಹಂಡೆಯ ಪಕ್ಕ ಕೂತು, ಕೆಂಡದಲ್ಲಿ ಗೇರುಬೀಜ ಸುಟ್ಟು ತಿಂದವರು ನಾವು. ಆ ಹೊಗೆ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು, ಜಂತಿಯಲ್ಲಿ ಮೊಳದುದ್ದ ಇಲ್ಲಣ ಬಿಟ್ಟು. ಮನೆಯೇ ಉಸಿರಾಡುತ್ತಿತ್ತು. ಈಗಿನ ಆರ್‌ಸಿಸಿ ಪೆಟ್ಟಿಗೆ ಉಸಿರಾಡುವುದಿಲ್ಲ. ಹಾಗಂತ ಅದೇ ಚೆನ್ನಾಗಿತ್ತು ಎಂದು ಕಣ್ಣೀರು ಹಾಕುವವನಲ್ಲ ನಾನು. ಅದರ ಲೆಕ್ಕ ನಮ್ಮ ಅಮ್ಮನ ಎದೆಯಲ್ಲಿದೆ. ನಲವತ್ತು ವರ್ಷ ಊದುಕೊಳವೆ ಹಿಡಿದವಳಿಗೆ ಈಗ 79, ದಿನಕ್ಕೆ ಎರಡು ಸಲ ಇನ್‌ಹೇಲರ್. ಒಂದು ಬೀಡಿ ಸೇದಿದವಳಲ್ಲ. ನಮ್ಮ ಮನೆಗೆ ಮೊದಲ ಗ್ಯಾಸ್ ಸಿಲಿಂಡರ್ ಬಂದ ದಿನ ಅವಳು ಅದಕ್ಕೆ ಕುಂಕುಮ ಇಟ್ಟಿದ್ದಳು.

ಹೊಸ ಮನೆಯ ನಕ್ಷೆಯಲ್ಲಿ ಅಮ್ಮನ ಕೋಣೆಯ ಬಾಗಿಲು ತೆರೆಯುವುದು ಹಾಲಿಗೆ. ಆ ಗೂಡಿನ ಎದುರಿಗೆ. ಇದನ್ನು ಮಗನಿಗೆ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಬೇಕಾಯಿತು.

ಇನ್ನು ದುಡ್ಡಿನ ಮಾತು. ಆ 40,000 ಬಿಟಿಯು ಗಂಟೆಗೆ ಸುಮಾರು 900 ಗ್ರಾಂ ಗ್ಯಾಸ್ ತಿನ್ನುತ್ತದೆ. 14.2 ಕಿಲೋ ಸಿಲಿಂಡರ್ 16 ಗಂಟೆಯೊಳಗೆ ಖಾಲಿ. ದಿನಾ ಎರಡು ಗಂಟೆ ಹಚ್ಚಿದರೆ ಎಂಟು ದಿನಕ್ಕೊಂದು! 2012ರಲ್ಲಿ ಸಬ್ಸಿಡಿ ಸಿಲಿಂಡರ್ ವರ್ಷಕ್ಕೆ 6 ಎಂದು ಕೇಂದ್ರ ಸರ್ಕಾರ ಮಿತಿ ಹಾಕಿದಾಗ ದೇಶವೇ ಹೇಗೆ ಬೊಬ್ಬೆ ಹಾಕಿತು ನೆನಪಿದೆಯೇ? 2013ರಲ್ಲಿ 9, 2014ರಲ್ಲಿ 12 ಆಯಿತು. ನನ್ನ ಕೌಂಟರಿಗೆ ಇವತ್ತಿಗೂ ಹೆಂಗಸರು ಪಾಸ್‌ಬುಕ್ ಹಿಡಿದು ಬರುತ್ತಾರೆ, "ಸಾರ್, ಗ್ಯಾಸ್ ಡಬ್ಬುಲು ಪಡ್ಡಾಯಾ?" 2024ರ ದೀಪಾವಳಿ ಹೊತ್ತಿಗೆ ಆಂಧ್ರ ಸರ್ಕಾರ ಅರ್ಹ ಕುಟುಂಬಗಳಿಗೆ ವರ್ಷಕ್ಕೆ ಮೂರು ಸಿಲಿಂಡರ್ ಉಚಿತ ಮಾಡಿದ ಮೇಲೆ ಈ ಪ್ರಶ್ನೆ ಇನ್ನೂ ಹೆಚ್ಚಾಯಿತು. ಆ ಮೂರು ಸಿಲಿಂಡರನ್ನು ನಾವು ಬರೀ ನೋಡುವ ಸುಖಕ್ಕೆ 24 ದಿನದಲ್ಲಿ ಸುಟ್ಟುಬಿಡುತ್ತೇವೆ. ನಮ್ಮ ದುಡ್ಡು, ನಮ್ಮಿಷ್ಟ ಅನ್ನಬಹುದು. ಆದರೂ ಆ ಹೆಂಗಸಿಗೆ "ಇನ್ನೂ ಬಿದ್ದಿಲ್ಲಮ್ಮಾ" ಅಂದು, ಸಂಜೆ ಮನೆಗೆ ಬಂದು ರಿಮೋಟ್ ಒತ್ತಲು ನನ್ನ ಕೈಗಂತೂ ಆಗದು.

ನಿಮ್ಮಲ್ಲಿ ಟೊರಾಂಟೋ, ಶಿಕಾಗೋ ಕಡೆ ಇರುವವರು ಈ ಮುದುಕನಿಗೇನು ಗೊತ್ತು ನಮ್ಮ ಚಳಿ ಎಂದು ಮುನಿಸಿಕೊಳ್ಳಬೇಡಿ. ನಿಮಗೆ ಬೆಂಕಿ ಬೇಕು, ಹಾಕಿಸಿ. ಚಿಮಣಿ ಇದ್ದದ್ದನ್ನೇ ಹಾಕಿಸಿ. ಹಳೆಯ ಚಿಮಣಿ ಇದ್ದರೆ ಅದರೊಳಗೆ ಇಡುವ ಕೊರಡು ಸಿಗುತ್ತದೆ, ಉರಿಯುವಾಗ ಚಿಮಣಿಯ ಬಾಯಿ ತೆರೆದೇ ಇರಬೇಕು. ಶಾಖದಲ್ಲಿ ಬಹುಪಾಲು ಆಕಾಶಕ್ಕೆ ಹೋಗುತ್ತದೆ, ಹೋಗಲಿ. ಅದಕ್ಕಿಂತ ವಾಸಿ, ಗಾಜು ಮುಚ್ಚಿದ ಡೈರೆಕ್ಟ್ ವೆಂಟ್. ಹೊರಗಿನ ಗಾಳಿಯನ್ನೇ ಎಳೆದುಕೊಂಡು ಹೊರಗೇ ಬಿಡುತ್ತದೆ, ಮನೆಯ ಗಾಳಿ ಮುಟ್ಟುವುದಿಲ್ಲ. ಚಿಮಣಿ ಇಲ್ಲದ್ದನ್ನು ಕೆನಡಾ ಮನೆಗಳಿಗೆ ಒಪ್ಪಿಲ್ಲ, ಕ್ಯಾಲಿಫೋರ್ನಿಯಾವೂ ಒಪ್ಪಿಲ್ಲ. ಹಿಮದ ದೇಶದವರೇ ಬೇಡ ಅಂದದ್ದನ್ನು ಬೆಂಜ್ ಸರ್ಕಲ್‌ನಲ್ಲಿ "ಲೇಟೆಸ್ಟ್ ಸಾರ್" ಎಂದು ಮಾರುತ್ತಾರೆ!

ಮಗ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, ಸೊಸೆಯ ಮೂಲಕ, ಕರೆಂಟಿನ ಸುಳ್ಳು ಬೆಂಕಿಯಾದರೆ ಆಗಬಹುದೇ ಎಂಬ ಅರ್ಜಿ ಬಂತು. ಬಲ್ಬಿನ ಬೆಳಕು ಜ್ವಾಲೆಯ ಹಾಗೆ ಕುಣಿಯುತ್ತದೆ, ಹೀಟರ್ ಹಾಕದಿದ್ದರೆ ಶಾಖವೇ ಇಲ್ಲವಂತೆ. ನೋಡೋಣ ಅಂದಿದ್ದೇನೆ. ಮೇಸ್ತ್ರಿ ಮಾತ್ರ ದಿನಾ ಕೇಳುತ್ತಾನೆ, ಗೂಡು ಮುಚ್ಚಲೋ ಬಿಡಲೋ ಎಂದು. ಮೊನ್ನೆ ಅಮ್ಮನನ್ನು ಸೈಟಿಗೆ ಕರೆದುಕೊಂಡು ಹೋಗಿದ್ದೆ. ಗೂಡಿನೊಳಗೆ ಕೈಯಾಡಿಸಿ ನೋಡಿದಳು. "ಇದೆಂಥದೋ, ಕಲ್ಲು ಗಡಿಗೆ ಇಡಲಿಕ್ಕಾ?" ಅಂದಳು. ಮಗ ನಕ್ಕ. ಮುಚ್ಚಬೇಡ ಎಂದು ಮೇಸ್ತ್ರಿಗೆ ಹೇಳಿ ಬಂದೆ.