ಲಾಳಿಯ ಓಟವೂ ಬೆಳಕಿನ ಅಳತೆಯೂ

ಕಲಾವಿಭಾಗದ ವಿದ್ಯಾರ್ಥಿಗೆ ಭೌತಶಾಸ್ತ್ರದ ಗೊಡವೆ ಏಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಇಲೆಕ್ಟ್ರಾನುಗಳ ಚಲನೆಯನ್ನು ಅರಿಯಬಲ್ಲಷ್ಟು ಅಲ್ಪಕಾಲದ ಬೆಳಕಿನ ಮಿಡಿತಗಳನ್ನು ಸೃಷ್ಟಿಸಿದುದಕ್ಕಾಗಿ 2023ರಲ್ಲಿ ಪಿಯರ್ ಅಗಸ್ಟೀನಿ, ಫೆರೆಂಕ್ ಕ್ರೌಸ್, ಆನ್ ಲುಯಿಲಿಯೆ ಎಂಬ ಮೂವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇಂಥ ಸುದ್ದಿ ನಮಗೆ ಸಂಬಂಧಿಸಿದ್ದಲ್ಲವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಸಂಬಂಧಿಸಿದ್ದೇ ಎಂಬುದು ನನ್ನ ನಮ್ರ ಅಭಿಪ್ರಾಯ.

ರಾಮದುರ್ಗದ ನೇಕಾರರ ಮನೆಯೊಂದರಲ್ಲಿ ಮಗ್ಗದ ಮುಂದೆ ನಿಂತು ನೋಡಿರಿ. ಲಾಳಿಯ ಸಪ್ಪಳ ಕೇಳುತ್ತದೆ, ಬಟ್ಟೆ ಬೆಳೆಯುವುದು ಕಾಣುತ್ತದೆ. ಲಾಳಿ ಮಾತ್ರ ಮಸುಕಾದ ಗೆರೆಯಾಗಿ ತೋರುತ್ತದೆ. ಕತ್ತಲಲ್ಲಿ ಒಮ್ಮೆ ಫಕ್ಕನೆ ಬೆಳಕು ಮಿಂಚಿ ಮಾಯವಾದರೆ ಆ ಲಾಳಿ ನಿಂತಲ್ಲೇ ನಿಂತಂತೆ ಕಂಡೀತು. ಮಿಂಚು ಎಷ್ಟು ಚಿಕ್ಕದೋ ಚಿತ್ರ ಅಷ್ಟು ಸ್ಪಷ್ಟ. ರಸಾಯನಶಾಸ್ತ್ರವೂ ಬಹುಕಾಲ ಬಟ್ಟೆಯನ್ನು ಕಂಡು ಲಾಳಿಯನ್ನು ಊಹಿಸುತ್ತಿತ್ತು. ಅಣುಗಳೊಳಗೆ ಪರಮಾಣುಗಳು ಸರಿದಾಡುವುದನ್ನು ಫೆಮ್ಟೊಸೆಕೆಂಡಿನ ಬೆಳಕಿನಿಂದ ಹಿಡಿದು ತೋರಿಸಿದ ಅಹ್ಮದ್ ಜೆವೈಲರು 1999ರಲ್ಲಿ ನೊಬೆಲ್ ಪಡೆದರು. ಆದರೆ ಇಲೆಕ್ಟ್ರಾನು ಪರಮಾಣುವಿಗಿಂತ ಎಷ್ಟೋ ಹಗುರ, ಎಷ್ಟೋ ಚುರುಕು. ಅದಕ್ಕೆ ಅಟೊಸೆಕೆಂಡಿನ ಅಳತೆಯೇ ಬೇಕು.

ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿ, ಅದರಲ್ಲಿ ಒಂದು ಭಾಗವನ್ನು ಮತ್ತೆ ನೂರು ಕೋಟಿ ಭಾಗ ಮಾಡಿದರೆ ಒಂದು ಅಟೊಸೆಕೆಂಡು. ವಿಶ್ವ ಹುಟ್ಟಿ ಸುಮಾರು 1380 ಕೋಟಿ ವರ್ಷಗಳಾದವು. ಅಷ್ಟು ಕಾಲದಲ್ಲಿ ಸಂದ ಸೆಕೆಂಡುಗಳಿಗಿಂತ ಒಂದು ಸೆಕೆಂಡಿನಲ್ಲಿ ಅಡಗಿರುವ ಅಟೊಸೆಕೆಂಡುಗಳೇ ಹೆಚ್ಚು. 1987ರಲ್ಲಿ ಲುಯಿಲಿಯೆ ಮತ್ತು ಸಂಗಡಿಗರು ಜಡಾನಿಲದೊಳಗೆ ಅವಕೆಂಪು ಲೇಸರ್ ಹಾಯಿಸಿದಾಗ, ತಂತಿವಾದ್ಯದ ಮೂಲಸ್ವರದೊಡನೆ ಉಪಸ್ವರಗಳು ಏಳುವಂತೆ, ಬೆಳಕಿನ ಅನೇಕ ಉಪಸ್ವರಗಳು ಹೊಮ್ಮಿದವು. ಇವು ಒಂದರೊಡನೊಂದು ಹೊಂದಿಕೊಂಡಾಗ ಅತ್ಯಲ್ಪ ಮಿಡಿತಗಳಾಗುತ್ತವೆ. 2001ರಲ್ಲಿ ಅಗಸ್ಟೀನಿಯವರು 250 ಅಟೊಸೆಕೆಂಡುಗಳ ಮಿಡಿತಗಳ ಸಾಲನ್ನೂ, ಕ್ರೌಸರು 650 ಅಟೊಸೆಕೆಂಡುಗಳ ಒಂಟಿ ಮಿಡಿತವನ್ನೂ ಸಾಧಿಸಿದರು.

ಪ್ರಯೋಗದ ಕ್ರಮವೂ ಸ್ವಾರಸ್ಯವಾದುದು. ಮೊದಲ ಮಿಡಿತ ಅಣುವನ್ನು ಕೆಣಕುತ್ತದೆ. ಎರಡನೆಯದು ಸ್ವಲ್ಪ ತಡೆದು ಬಂದು ಅದರ ಸ್ಥಿತಿಯನ್ನು ವಿಚಾರಿಸುತ್ತದೆ. ತಡವನ್ನು ಹೆಚ್ಚುಕಡಿಮೆ ಮಾಡುತ್ತ ಸಾವಿರಾರು ಸಲ ವಿಚಾರಿಸಿದಾಗ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಿಳಿಯುತ್ತದೆ. ನಾವುಣ್ಣುವ ಬೇಳೆಯ ಸಸಾರಜನಕದಲ್ಲಿಯೂ ಇರುವ ಫೆನಿಲಲನೀನ್ ಎಂಬ ಅಣುವನ್ನು ಹೀಗೆ ಪರೀಕ್ಷಿಸಿದ ಫಲ 2014ರಲ್ಲಿ ಪ್ರಕಟವಾಯಿತು. ಪರಮಾಣುಗಳು ಸರಿಯಾಗಿ ಕದಲುವ ಮುನ್ನವೇ ವಿದ್ಯುದಂಶವು ಅಣುವಿನಲ್ಲಿ ಅತ್ತಿಂದಿತ್ತ ಹೊಯ್ದಾಡಿದ ಗುರುತು ಅಲ್ಲಿ ಸಿಕ್ಕಿತು.

ಇತಿಹಾಸ ಓದುವವನಿಗೆ ಈ ಜಾಡು ಹೊಸದೇ? ಕಿತ್ತೂರಿನ ಹಾಳುಗೋಡೆಗಳನ್ನಷ್ಟೇ ನೋಡಿದವನಿಗೆ ಸೋಲು ಮಾತ್ರ ಕಾಣುತ್ತದೆ. 1824ರ ಅಕ್ಟೋಬರ 23ರಂದು ಥ್ಯಾಕರೆ ಬಿದ್ದು ಕಿತ್ತೂರು ಗೆದ್ದಿತು; ಡಿಸೆಂಬರದಲ್ಲಿ ಕಂಪನಿಯ ಸೈನ್ಯ ಮರಳಿ ಬಂದು ಕೋಟೆ ಹಿಡಿಯಿತು; ರಾಣಿ ಚನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಈ ಅನುಕ್ರಮ ಅರಿತವನಿಗೇ ಆ ಕಲ್ಲುಗಳ ಅರ್ಥ ಆಗುವುದು. ಅಣುವಿನ ಇತಿಹಾಸಕ್ಕೂ ತೇದಿಗಳು ಬೇಕು. ಆ ತೇದಿಗಳನ್ನು ಬರೆಯುವ ಲೇಖನಿಯೇ ಅಟೊಸೆಕೆಂಡಿನ ಬೆಳಕು.

ಇದರಿಂದ ಪ್ರಯೋಜನವೇನು? ನಮ್ಮ ಮನೆತನದಲ್ಲಿ ಕಾಲೇಜಿಗೆ ಬಂದವನು ನಾನೇ ಮೊದಲಿಗ. ಓದಿ ಬರುವುದೇನೆಂಬ ಮಾತು ಕೇಳದ ದಿನವಿಲ್ಲ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೂ ಸವದತ್ತಿಯ ಸೀಮೆಯಲ್ಲಿ ಮಳೆಯ ದಾರಿ ಕಾಯುವ ಹೊಲಗಳಿರುವಾಗ ಈ ಪ್ರಶ್ನೆಯನ್ನು ಯಾರೂ ಹಗುರಾಗಿ ತಳ್ಳಬಾರದು. ಕ್ರೌಸರ ಬಳಗವು ಬೆಳಕಿನ ಮಿಡಿತಗಳಿಂದ ರಕ್ತದ ಮಾದರಿಯಲ್ಲಿ ರೋಗದ ಗುರುತುಗಳನ್ನು ಹುಡುಕುತ್ತಿದೆ. ಅದು ಇನ್ನೂ ಪ್ರಯತ್ನದ ಹಂತದ್ದು. ಆದರೆ 1987ರಲ್ಲಿ ಕಂಡ ಉಪಸ್ವರಗಳಿಗೆ ಲಾಭವೇನೆಂದು ಕೇಳಿ ಅಲ್ಲಿಯೇ ಕೈಬಿಟ್ಟಿದ್ದರೆ 2001ರ ಮಿಡಿತ ಎಲ್ಲಿಂದ ಬರಬೇಕಿತ್ತು? ಬೀಜಕ್ಕೆ ಬಿತ್ತಿದ ದಿನವೇ ತೆನೆ ಕೇಳುವ ಒಕ್ಕಲಿಗನಿಲ್ಲ.

ಈ ವಿದ್ಯೆ ನಮ್ಮ ನಾಡಿಗೆ ಪರಕೀಯವೂ ಅಲ್ಲ. 1928ರಲ್ಲಿ ಕಲಕತ್ತೆಯಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡ ಸಿ. ವಿ. ರಾಮನ್ನರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅದೇ ಸಂಸ್ಥೆಯಲ್ಲಿ ಪ್ರೊ. ಶಿವ ಉಮಾಪತಿಯವರೂ ಸಂಗಡಿಗರೂ ರಾಮನ್ನರ ತತ್ತ್ವಕ್ಕೆ ಫೆಮ್ಟೊಸೆಕೆಂಡಿನ ಮಿಡಿತಗಳನ್ನು ಜೋಡಿಸಿ ಅಣುಗಳನ್ನು ಪರೀಕ್ಷಿಸುವ ಹೊಸ ವಿಧಾನವೊಂದನ್ನು ರೂಪಿಸಿದರು. ಕನ್ನಡದಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ 1918ರಷ್ಟು ಹಿಂದೆಯೇ ಹೊರಟಿತ್ತು. ಹೀಗಿರುವಲ್ಲಿ, ಹತ್ತನೆಯ ತರಗತಿಯ ಬಳಿಕ ಕಲಾವಿಭಾಗ ಹಿಡಿದೊಡನೆ ವಿಜ್ಞಾನದ ಬಾಗಿಲು ಮುಚ್ಚಿತೆಂದು ತಿಳಿಯುವುದು ಎಷ್ಟರ ಮಟ್ಟಿಗೆ ಸರಿ?

ಗುರುಗಳಲ್ಲಿ ನನ್ನ ಬಿನ್ನಹವಿಷ್ಟೆ: ತಿಂಗಳಿಗೊಂದು ಸಂಜೆ ವಿಜ್ಞಾನದ ಪ್ರಾಧ್ಯಾಪಕರೊಬ್ಬರನ್ನು ಕರೆಯಿಸಿ ನಮ್ಮ ಆಡುಮಾತಿನಲ್ಲಿ ಇಂಥ ಒಂದು ವಿಷಯ ಹೇಳಿಸಿರಿ. ಸಹಪಾಠಿಗಳೇ, ನೀವು ಕೇಳಿರಿ, ಪ್ರಶ್ನಿಸಿರಿ, ಕೇಳಿದ್ದನ್ನು ನಿಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಹಿರಿಯರಿಗೆ ತಿಳಿಸಿರಿ. ಅವರಿಗೆ ತಿಳಿಯುವಂತೆ ಹೇಳಬಲ್ಲೆವಾದರೆ ಪದವಿಯ ಹೆಸರು ಯಾವುದಾದರೇನು? ನಮ್ಮ ಓದು ಅಷ್ಟಾದರೂ ಸಾರ್ಥಕ.